ಬುಮ್ರಾ ಕೈ ಸರಿ, ಅಜ್ಮಲ್ ಕೈ ತಪ್ಪು: ಅದು ಹೇಗೆ?

ಪ್ರಶ್ನೆ: ಪಾಕಿಸ್ತಾನದ ಬೌಲರ್ ಕೈ ಚೂರು ಬಗ್ಗಿದ್ರೆ ಸಾಕು, ನಮ್ಮ ಮನೆ ಹುಡುಗರು ಟಿವಿ ಮುಂದೆ 'ತ್ರೋ, ತ್ರೋ' ಅಂತ ಕೂಗ್ತಾರೆ. ಬುಮ್ರಾ ಅಷ್ಟು ವಿಚಿತ್ರವಾಗಿ ಹಾಕಿದ್ರೂ ಅದು ಸರಿ ಅಂತಾರೆ. ನಿಜವಾಗ್ಲೂ ನಿಯಮ ಏನು? ಹೋದ ತಿಂಗಳು ಒಂದು ಟೂರ್ನಮೆಂಟಿನಲ್ಲಿ ನನ್ನ ಮಗನಿಗೂ ತ್ರೋ ಅಂತ ಬೌಲಿಂಗ್ ಕೊಡಲಿಲ್ಲ.
– ಓದುಗರೊಬ್ಬರು, ಬೇಲೂರು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಎದ್ದು ನಿಂತು, ಮಾವಿನಕಾಯಿಗೆ ಕಲ್ಲು ಬೀರುವ ಹಾಗೆ ಸುಮ್ನೆ ಕೈ ಬೀಸಿ ನೋಡಿ. ಮೊಣಕೈ ಮೊದಲು ಮಡಚಿಕೊಳ್ಳುತ್ತದೆ, ಆಮೇಲೆ ಪಟಕ್ಕನೆ ಬಿಚ್ಚಿಕೊಳ್ಳುತ್ತದೆ. ಕಲ್ಲಿಗೆ ವೇಗ ಸಿಗುವುದು ಆ ಬಿಚ್ಚಿಕೊಳ್ಳುವ ಏಟಿನಲ್ಲಿ. ಕ್ರಿಕೆಟ್ 'ತ್ರೋ' ಅಂತ ಬೇಡ ಅನ್ನುವುದು ಅದನ್ನೇ. ಕೈ ಬಗ್ಗಿರುವುದನ್ನಲ್ಲ.

ಇಷ್ಟು ತಲೆಗೆ ಹೋದರೆ ಅರ್ಧ ಜಗಳ ಮುಗಿದ ಹಾಗೆ. ಐಸಿಸಿ, ಅಂದರೆ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಲೆಕ್ಕ ಹೀಗಿದೆ: ತೋಳು ಭುಜದ ಮಟ್ಟಕ್ಕೆ ಬಂದಾಗಿನಿಂದ ಬಾಲ್ ಕೈಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೇರವಾಗಬಾರದು. ಒಬ್ಬನ ಕೈ 40 ಡಿಗ್ರಿ ಬಗ್ಗಿತ್ತು, ಬಾಲ್ ಬಿಡುವಾಗ 30ಕ್ಕೆ ಬಂತು ಅಂದುಕೊಳ್ಳಿ. ವ್ಯತ್ಯಾಸ 10. ಅವನು ಪಾಸ್. ಇನ್ನೊಬ್ಬನದು 20 ಬಗ್ಗಿತ್ತು, ಪೂರ್ತಿ ನೇರವಾಯಿತು. ವ್ಯತ್ಯಾಸ 20. ಅವನು ಫೇಲ್. ಟಿವಿಯಲ್ಲಿ ನೋಡಿದರೆ ಎರಡನೆಯವನ ಕೈಯೇ ನೀಟಾಗಿ ಕಾಣುತ್ತದೆ!

ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಕಥೆ ಇದೇ. ಹುಟ್ಟಿನಿಂದಲೇ ಅವರ ಮೊಣಕೈ ಪೂರ್ತಿ ನೇರವಾಗುವುದಿಲ್ಲ. ಅದರ ಜೊತೆಗೆ ಗರಗರ ತಿರುಗುವ ಮಣಿಕಟ್ಟು. 1995ರ ಬಾಕ್ಸಿಂಗ್ ಡೇ ಟೆಸ್ಟಿನಲ್ಲಿ ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಮುರಳಿಗೆ ಏಳು ಸಲ ನೋಬಾಲ್ ಕೊಟ್ಟರು. ಹೇರ್ ಕಣ್ಣಿಗೆ ಕಂಡದ್ದು ಬಗ್ಗಿದ ಕೈ. 2004ರಲ್ಲಿ ಮುರಳಿಯ ದೂಸ್ರಾವನ್ನು (ಆಫ್ ಸ್ಪಿನ್ನರ್ ಉಲ್ಟಾ ದಿಕ್ಕಿಗೆ ತಿರುಗಿಸುವ ಬಾಲ್) ಲ್ಯಾಬಿನಲ್ಲಿ ಅಳೆದಾಗ ಸುಮಾರು 14 ಡಿಗ್ರಿ ಬಂತು. ಆಗ ಸ್ಪಿನ್ನರ್‌ಗಳಿಗೆ ಇದ್ದ ಮಿತಿ ಬರೀ 5, ಫಾಸ್ಟ್ ಬೌಲರ್‌ಗಳಿಗೆ 10. 2005ರ ಮಾರ್ಚ್‌ನಿಂದ ಎಲ್ಲರಿಗೂ 15 ಆಯಿತು. 'ಮುರಳಿಗೋಸ್ಕರ ರೂಲ್ಸ್ ಬದಲಾಯಿಸಿದರು' ಅಂತ ಇವತ್ತಿಗೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2004ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೌಲರ್‌ಗಳನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗ ಹೆಚ್ಚುಕಡಿಮೆ ಎಲ್ಲರ ಮೊಣಕೈಯೂ ಅಷ್ಟೋ ಇಷ್ಟೋ ನೇರವಾಗುತ್ತಿತ್ತು. ಹಳೇ ಮಿತಿ ಹಿಡಿದಿದ್ದರೆ ಪುಸ್ತಕದಲ್ಲಿ ಹಾಕುವಂಥ ಆ್ಯಕ್ಷನ್ ಇದ್ದವರೂ ಮನೆಗೆ ಹೋಗಬೇಕಿತ್ತು. 15ಕ್ಕಿಂತ ಕಡಿಮೆ ಇದ್ದರೆ ಬರಿಗಣ್ಣಿಗೆ ಗೊತ್ತಾಗುವುದೂ ಕಷ್ಟ.

ಈಗ ಬುಮ್ರಾಗೆ ಬರೋಣ. ಓಟ ಚಿಕ್ಕದು, ಹೆಜ್ಜೆ ತೊದಲುತ್ತಾ ಬರುತ್ತದೆ, ಎರಡೂ ಕೈ ಕೋಲಿನ ಹಾಗೆ ಸೆಟೆದುಕೊಂಡಿರುತ್ತವೆ. ವಿಚಿತ್ರವೇ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಮೊಣಕೈ ಒಳಕ್ಕೆ ಮಡಚುವುದಿಲ್ಲ. ನೇರವಾಗಿ, ಅದನ್ನೂ ದಾಟಿ ಉಲ್ಟಾ ಹಿಂದಕ್ಕೆ ಬಾಗುತ್ತದೆ. ಕೆಲವರ ಕೀಲು ಹುಟ್ಟಿನಿಂದಲೇ ಹಾಗೆ. ಹೀಗೆ ನೇರದಿಂದ ಆಚೆಗೆ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಐಸಿಸಿ ನಿಯಮದಲ್ಲೇ ಇದೆ.

ನಮ್ಮ ಹುಡುಗರಿಗೆ ಹೇಳಬೇಕಾದ ಮಾತು ಇನ್ನೊಂದಿದೆ. ಇದೇ ಉಲ್ಟಾ ಬಾಗುವ ಮೊಣಕೈ ಪಾಕಿಸ್ತಾನದ ಶೋಯೆಬ್ ಅಖ್ತರ್‌ಗೂ ಇತ್ತು. 2003ರ ವಿಶ್ವಕಪ್‌ನಲ್ಲಿ ಗಂಟೆಗೆ 161.3 ಕಿಲೋಮೀಟರ್ ವೇಗದ ಬಾಲ್ ಹಾಕಿದ ಅದೇ ಅಖ್ತರ್. ಅವರನ್ನು ತ್ರೋ ಅಂತ ಬೈದು ಬೆಳೆದ ತಲೆಮಾರು ನಮ್ಮದು, ಅದರಲ್ಲಿ ನಾನೂ ಒಬ್ಬ. ಬುಮ್ರಾಗೆ ಕೊಡುವ ವಿನಾಯಿತಿ ಅಖ್ತರ್‌ಗೂ ಕೊಡಬೇಕಲ್ವಾ?

ಶ್ರೀಲಂಕಾದ ಫಾಸ್ಟ್ ಬೌಲರ್ ಮಾಲಿಂಗ ವಿಷಯ ಬೇರೆ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವ ಹಾಗೆ ಅವರ ತೋಳು ಅಡ್ಡಡ್ಡ ಬರುತ್ತಿತ್ತು. ತೋಳು ಕಿವಿ ಪಕ್ಕದಲ್ಲೇ ಬರಬೇಕು ಅಂತ ಯಾವ ನಿಯಮವೂ ಇಲ್ಲ. ಮೊಣಕೈ ಬಿಚ್ಚಿಕೊಳ್ಳದಿದ್ದರೆ ಸಾಕು. ಅಂಪೈರ್ ಅಂಗಿ ಮುಂದಿನಿಂದ ಬರುವ ಬಾಲನ್ನು ಹುಡುಕುವುದು ಬ್ಯಾಟ್ಸ್‌ಮನ್ ಕರ್ಮ. 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ನಾಲ್ವರು ಸತತ ನಾಲ್ಕು ಬಾಲಿಗೆ ಔಟಾಗಿದ್ದು ಇದೇ ಕವಣೆಗೆ.

ಹಾಗಾದರೆ ನಿಜವಾಗಿ ಸಿಕ್ಕಿಬಿದ್ದವರು? ಪಾಕಿಸ್ತಾನದ ಆಫ್ ಸ್ಪಿನ್ನರ್ ಸಯೀದ್ ಅಜ್ಮಲ್. 2014ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಿದ್ದಾಗ ಅವರು ಏಕದಿನದ ನಂಬರ್ ಒನ್ ಬೌಲರ್. ಪರೀಕ್ಷೆಯಲ್ಲಿ ಅವರ ಎಲ್ಲ ಬಗೆಯ ಬಾಲ್‌ಗಳೂ 15 ದಾಟಿದ್ದವು. ಆ್ಯಕ್ಷನ್ ತಿದ್ದಿಕೊಂಡು ವಾಪಸ್ ಬಂದರು, ಆದರೆ ಹಳೇ ಮೊನಚು ಬರಲಿಲ್ಲ. 2015ರಲ್ಲೇ ಅವರ ಅಂತಾರಾಷ್ಟ್ರೀಯ ಆಟ ಮುಗಿಯಿತು. ನನಗೆ ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ. ವೆಸ್ಟ್ ಇಂಡೀಸ್‌ನ ಸುನಿಲ್ ನಾರಾಯಣ್‌ಗೂ 2015ರಲ್ಲಿ ಇದೇ ನಿಷೇಧ ಬಿತ್ತು.

ಇದು ಅವರ ರೋಗ, ನಮ್ಮದಲ್ಲ ಅನ್ನುವ ಹಾಗೂ ಇಲ್ಲ. ಹರ್ಭಜನ್ ದೂಸ್ರಾ ಮೇಲೆ 2004ರಲ್ಲಿ ದೂರು ಹೋಗಿತ್ತು, ಆಮೇಲೆ ಸರಿಯಿದೆ ಅಂತ ಬಿಟ್ಟರು. ಪ್ರಗ್ಯಾನ್ ಓಜಾರನ್ನು ನಮ್ಮ ಬೋರ್ಡೇ ಸ್ವಲ್ಪ ಕಾಲ ನಿಲ್ಲಿಸಿತ್ತು. ಅಂಬಟಿ ರಾಯುಡು 2019ರಲ್ಲಿ ಪರೀಕ್ಷೆಗೇ ಹೋಗಲಿಲ್ಲ, ಹಾಗಾಗಿ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಬೌಲಿಂಗ್ ನಿಷೇಧವಾಯಿತು.

ದೂರು ಕೊಡುವವರು ಎದುರಾಳಿ ಕ್ಯಾಪ್ಟನ್ ಅಲ್ಲ, ಅಂಪೈರ್‌ಗಳು ಮತ್ತು ಮ್ಯಾಚ್ ರೆಫ್ರಿ. ನಮ್ಮ ಜಿಲ್ಲೆಯ ಜಾವಗಲ್ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಶ್ರೀನಾಥ್ 2006ರಿಂದ ಕೂತಿರುವುದು ಆ ರೆಫ್ರಿ ಕುರ್ಚಿಯಲ್ಲೇ. ದೂರು ಹೋದ ಮೇಲೆ ಬೌಲರ್ ಮೈಗೆ, ಕೈಗೆ ಗುರುತಿನ ಚುಕ್ಕಿ ಅಂಟಿಸಿ, ಸುತ್ತಲೂ ಇಟ್ಟ ವೇಗದ ಕ್ಯಾಮೆರಾಗಳ ಮಧ್ಯೆ ಬಾಲ್ ಹಾಕಿಸುತ್ತಾರೆ. ಚೆನ್ನೈನಲ್ಲೂ ಅಂಥ ಲ್ಯಾಬ್ ಇದೆ.

ಸುತ್ತಲೂ ಕ್ಯಾಮೆರಾ ಯಾಕೆ ಅಂತ ನನಗೆ ಅರ್ಥವಾಗಿದ್ದು ಹಾಸನದಲ್ಲೇ. ಒಂದು ಭಾನುವಾರ ಟೆನಿಸ್ ಬಾಲ್ ಮ್ಯಾಚ್. ನಮ್ಮ ಟೀಮಿನ ಆಫ್ ಸ್ಪಿನ್ನರ್ ಮೇಲೆ ಎದುರು ಟೀಮಿನವರು ತ್ರೋ ಅಂತ ಗಲಾಟೆ ತೆಗೆದರು. ನಾನು ಸ್ಕ್ವೇರ್ ಲೆಗ್ ಕಡೆ, ಅಂದರೆ ಪಿಚ್‌ನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆದೆ. ಕೈ ಚೆನ್ನಾಗಿ ಬಗ್ಗಿತ್ತು. ಮಾನ ಹೋಯ್ತು ಅಂದುಕೊಂಡೆ. ಅದೇ ಓವರಿನಲ್ಲಿ ಇನ್ನೊಬ್ಬ ಹುಡುಗ ಬೌಲರ್ ಹಿಂದಿನಿಂದ ತೆಗೆದಿದ್ದ. ಅದರಲ್ಲಿ ಕೈ ನೆಟ್ಟಗಿತ್ತು! ಎರಡು ವಿಡಿಯೊ, ಎರಡು ತೀರ್ಪು. ಕಾರಣ ಸರಳ. ಕೈಯನ್ನು ನೇರ ಚಾಚಿ, ಅಂಗೈ ಮುಂದೆ ಮಾಡಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಮೊಣಕೈಯಿಂದ ಕೆಳಗಿನ ಭಾಗ ಸ್ವಲ್ಪ ಹೊರಕ್ಕೆ ಓರೆಯಾಗಿರುತ್ತದೆ, ಕೆಲವರಿಗೆ ಅದು ಜಾಸ್ತಿ. ತೋಳು ತಿರುಗುವಾಗ ಆ ಓರೆ ಒಂದು ಕಡೆಯಿಂದ ಬಗ್ಗಿದ ಹಾಗೆ, ಇನ್ನೊಂದು ಕಡೆಯಿಂದ ನೇರವಾದ ಹಾಗೆ ಕಾಣುತ್ತದೆ. ಒಂದೇ ಕ್ಯಾಮೆರಾದ ರೀಪ್ಲೇ ನೋಡಿ ತೀರ್ಪು ಕೊಡುವವರ ಜೊತೆ ನಾನು ಅವತ್ತಿನಿಂದ ವಾದ ಮಾಡುವುದು ಬಿಟ್ಟಿದ್ದೇನೆ.

ನಿಮ್ಮ ಮಗನ ವಿಷಯ. ಊರಿನ ಟೂರ್ನಮೆಂಟಿನಲ್ಲಿ ಲ್ಯಾಬ್ ಇಲ್ಲ, ಅಂಪೈರ್ ಹೇಳಿದ್ದೇ ಕೊನೆ, ಅಲ್ಲಿ ಜಗಳ ಬೇಡ. ಮನೆ ಹತ್ತಿರ ಅವನಿಂದ ಬಾಲ್ ಹಾಕಿಸಿ, ಹಿಂದೆ, ಮುಂದೆ, ಪಕ್ಕ, ಮೂರೂ ಕಡೆಯಿಂದ ಸ್ಲೋ ಮೋಷನ್ ತೆಗೆಯಿರಿ. ತೋಳು ಭುಜದ ಮಟ್ಟಕ್ಕೆ ಬಂದಾಗ ಒಂದು ಸಲ ನಿಲ್ಲಿಸಿ, ಬಾಲ್ ಬಿಡುವಾಗ ಇನ್ನೊಂದು ಸಲ. ಮೂರರಲ್ಲೂ ಮೊಣಕೈ ಬಿಚ್ಚಿಕೊಳ್ಳುವುದು ಕಂಡರೆ ಕೋಚ್ ಹತ್ತಿರ ಕರೆದುಕೊಂಡು ಹೋಗಿ. ಜೋರಾಗಿ ಹಾಕಲು ಹೋದಾಗ ಮಾತ್ರ ಹಾಗಾಗುತ್ತಿದ್ದರೆ ವೇಗ ಇಳಿಸಲು ಹೇಳಿ, ಚಿಕ್ಕ ವಯಸ್ಸಲ್ಲಿ ಬೇಗ ಸರಿಹೋಗುತ್ತದೆ. ವಿಡಿಯೊ ತೆಗೆಯುವಾಗ ಮಾತ್ರ ತುಂಬು ತೋಳಿನ ಸ್ವೆಟರ್ ಬಿಚ್ಚಿಸಿ, ಬಟ್ಟೆಯೊಳಗೆ ಮೊಣಕೈ ಕಾಣುವುದಿಲ್ಲ. ಬೇಲೂರಿನ ಬೆಳಗಿನ ಚಳಿ ನನಗೂ ಗೊತ್ತು. ಹತ್ತು ಬಾಲ್ ಸಾಕು, ಆಮೇಲೆ ಹಾಕಿಕೊಳ್ಳಲಿ.