ನಾಝಲ್ ಕಟ್ಟಿಕೊಂಡರೆ ಮೊದಲು ಕೈ ಕಟ್ಟಿಕೊಳ್ಳಿ

ಮೇ ಕೊನೆಯ ವಾರ ಬಂತೆಂದರೆ ನನ್ನ ರಿಪೇರಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕಾಗ ಬಟ್ಟೆ ಹೊದಿಸಿಟ್ಟ ಪ್ರಿಂಟರನ್ನು ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಆನ್ ಮಾಡುತ್ತಾರೆ. ನಡುವೆ ದಾವಣಗೆರೆಯ ಬಿಸಿಲು. ಇಂಕ್ ಒಣಗದೆ ಇನ್ನೇನು ಮಾಡೀತು? ಹಾಳೆಗೆ ಇಂಕ್ ಚಿಮ್ಮುವ ಭಾಗಕ್ಕೆ ಹೆಡ್ ಅಂತಾರೆ, ಅದರ ಸಣ್ಣ ಸಣ್ಣ ತೂತುಗಳೇ ನಾಝಲ್. ಇಂಕ್ ಒಣಗಿದರೆ ಕಟ್ಟಿಕೊಳ್ಳುವುದು ಅವೇ. ಒಳಗಿನ ಪಂಪಿನಿಂದ ಇಂಕ್ ಎಳೆಸಿ ಹೆಡ್ ತೊಳೆಸುವ ಪ್ರಿಂಟರಿನದೇ ಆಯ್ಕೆಗೆ ಹೆಡ್ ಕ್ಲೀನಿಂಗ್ ಅನ್ನುತ್ತಾರೆ.

ಹೋದ ವರ್ಷ ಒಬ್ಬ ಟೀಚರ್ ತಮ್ಮ ಇಂಕ್ ಟ್ಯಾಂಕ್ ಪ್ರಿಂಟರ್ ತಂದರು. "ಸರ್, ಹೆಡ್ ಬ್ಲಾಕ್ ಆಗಿದೆ. ಒಂಬತ್ತು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ. ಕೊಟ್ಟಷ್ಟೂ ಜಾಸ್ತಿ ಹಾಳಾಗ್ತಿದೆ" ಅಂದರು. ಪುಣ್ಯಕ್ಕೆ ಪ್ರತಿ ಸಲದ ಪರೀಕ್ಷೆ ಹಾಳೆಯನ್ನೂ, ಅಂದರೆ ಒಂದೊಂದು ಬಣ್ಣದ ಗೆರೆಗಳನ್ನು ಮೂಡಿಸಿ ನೋಡುವ ಹಾಳೆಯನ್ನೂ, ಜೋಡಿಸಿಕೊಂಡು ಬಂದಿದ್ದರು. ಮೇಡಂ ಅಲ್ವಾ, ಉತ್ತರ ಪತ್ರಿಕೆ ಎಸೆಯುವ ಅಭ್ಯಾಸ ಇಲ್ಲ. ಮೊದಲ ಹಾಳೆಯಲ್ಲಿ ನೀಲಿಯ ನಾಲ್ಕು ಗೆರೆ ಮಾತ್ರ ಬಿಟ್ಟುಹೋಗಿತ್ತು. ಒಂಬತ್ತನೆಯದರಲ್ಲಿ ನೀಲಿ ಅರ್ಧ ಮಾಯ, ಪಿಂಕ್ ಕೂಡ ಅಲ್ಲಲ್ಲಿ ಮಾಯ. ಪ್ರಿಂಟರನ್ನು ಮೂಲೆಯಲ್ಲಿಟ್ಟು, ನಾಳೆ ಬನ್ನಿ ಅಂದೆ. ಮರುದಿನ ಅವರೆದುರೇ ಒಂದು ಕ್ಲೀನಿಂಗ್ ಕೊಟ್ಟೆ. ಎಲ್ಲ ಗೆರೆಯೂ ಬಂದವು.

"ಏನು ಮಾಡಿದ್ರಿ ಸರ್?"

"ಏನೂ ಮಾಡ್ಲಿಲ್ಲ ಮೇಡಂ. ರಾತ್ರಿಯೆಲ್ಲ ಸುಮ್ನೆ ಬಿಟ್ಟಿದ್ದೆ."

ಏನೂ ಮಾಡದ ಕೆಲಸಕ್ಕೆ ಎಷ್ಟು ಚಾರ್ಜ್ ಹೇಳಬೇಕು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ.

ಸುಮ್ಮನಿದ್ದರೆ ಯಾಕೆ ಸರಿಹೋಗುತ್ತದೆ? ಹಾಲು ಸೀದ ಪಾತ್ರೆಯನ್ನು ನೆನಪಿಸಿಕೊಳ್ಳಿ. ಒಣಗಿದ್ದಾಗ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ನೀರು ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತಾನೇ ಏಳುತ್ತದೆ. ಹೆಡ್‌ನಲ್ಲೂ ಹಾಗೇ. ಒಳಗೆ ಬಂದ ಹೊಸ ಇಂಕೇ ಹಳೆಯ ಗಟ್ಟಿ ಇಂಕನ್ನು ನೆನೆಸಿ ಕರಗಿಸುತ್ತದೆ. ಅದಕ್ಕೆ ಸಮಯ ಬೇಕು. ಒಂದಾದ ಮೇಲೊಂದು ಕ್ಲೀನಿಂಗ್ ಕೊಟ್ಟರೆ ಒಳಗಿನ ಪಂಪ್ ಜೋರಾಗಿ ಎಳೆಯುತ್ತದೆ, ಇಂಕ್ ಜೊತೆ ಗಾಳಿಯೂ ಬಂದು ಸೇರುತ್ತದೆ. ಟೀಚರ್ ಪ್ರಿಂಟರಿನಲ್ಲಿ ಆಗಿದ್ದು ಅದೇ. ಶುರುವಿನಲ್ಲಿ ಸ್ವಲ್ಪ ಕಟ್ಟಿತ್ತು. ಉಳಿದದ್ದೆಲ್ಲ ಗಾಳಿ, ರಾತ್ರಿ ಸುಮ್ಮನೆ ಬಿಟ್ಟಾಗ ಅದೂ ಬಿಟ್ಟುಹೋಯಿತು.

ಒಂದೊಂದು ನಾಝಲ್ ತೂತಿನ ಅಗಲ ಸುಮಾರು 20 ಮೈಕ್ರಾನ್. ನಮ್ಮ ತಲೆಗೂದಲು ಇದರ ಮೂರು ಪಟ್ಟು ದಪ್ಪ. ಅದರಿಂದ ಹೊರಬರುವ ಹನಿ ಕೆಲವೇ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲೇ ಪಿಕೋಲೀಟರ್. ಇಷ್ಟು ಸಣ್ಣ ತೂತು ಒಣಗದೆ ಇರಲೆಂದೇ ಹೆಡ್ ಕೆಲಸ ಮುಗಿಸಿ ಬಲಮೂಲೆಗೆ ಹೋಗಿ ಒಂದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪೆನ್ನಿಗೆ ಕ್ಯಾಪ್ ಹಾಕಿದ ಹಾಗೆ. ನಾವು ಮಾಡುವ ತಪ್ಪು ಇಲ್ಲೇ ಇದೆ. ಪ್ರಿಂಟ್ ಬಂದ ತಕ್ಷಣ ಗೋಡೆಯ ಸ್ವಿಚ್ ಆರಿಸುತ್ತೇವೆ. ಹೆಡ್ ಇನ್ನೂ ದಾರಿಯಲ್ಲಿರುತ್ತದೆ, ಕ್ಯಾಪ್ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಮೊದಲು ಪ್ರಿಂಟರಿನದೇ ಬಟನ್ ಒತ್ತಿ, ಅದು ಗುರ್ ಅಂದು ಪೂರ್ತಿ ಸುಮ್ಮನಾದ ಮೇಲೆ ಗೋಡೆಯ ಸ್ವಿಚ್. ಪ್ರಿಂಟ್ ಆಗುವಾಗಲೇ ಕರೆಂಟ್ ಹೋದರೆ, ಬಂದ ಮೇಲೆ ಒಮ್ಮೆ ಆನ್ ಮಾಡಿ ಹೆಡ್ ತನ್ನ ಜಾಗಕ್ಕೆ ಸೇರಲು ಬಿಡಿ.

ಇನ್ನು ಪತ್ತೆ ಹಚ್ಚುವ ವಿಷಯ. ನನ್ನ ಪ್ರಕಾರ ಅರ್ಧ ರಿಪೇರಿ ಇದೇ. ಪ್ರಿಂಟರ್ ಮೆನುವಿನಲ್ಲಿ ನಾಝಲ್ ಚೆಕ್ ಅಂತ ಇರುತ್ತದೆ, ಟೀಚರ್ ತಂದಂಥ ಪರೀಕ್ಷೆ ಹಾಳೆ ಬರುವುದು ಇದರಿಂದಲೇ. ಅದನ್ನು ಬೆನ್ನಿಗೆ ಬೆನ್ನಿಗೆ ಎರಡು ಸಲ ತೆಗೆದು, ಎರಡೂ ಹಾಳೆ ಪಕ್ಕಪಕ್ಕ ಇಡಿ. ಎರಡರಲ್ಲೂ ಅದೇ ಜಾಗದ ಗೆರೆ ಇಲ್ಲದಿದ್ದರೆ ಅಲ್ಲಿ ಕಟ್ಟಿದೆ. ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಬಿಟ್ಟಿದ್ದರೆ ಅದು ಗಾಳಿ. ಗಾಳಿಗೆ ಕ್ಲೀನಿಂಗ್ ಮದ್ದಲ್ಲ, ವಿಶ್ರಾಂತಿಯೇ ಮದ್ದು. ಒಂದು ಬಣ್ಣ ಇಡೀ ಮಾಯವಾಗಿದ್ದರೆ ಮೊದಲು ಟ್ಯಾಂಕ್ ಮಟ್ಟ, ಅಲ್ಲಿಂದ ಹೆಡ್‌ಗೆ ಇಂಕ್ ತರುವ ಟ್ಯೂಬ್ ಎರಡೂ ನೋಡಿ. ಎಲ್ಲ ಗೆರೆ ಸರಿಯಾಗಿದ್ದೂ ಫೋಟೋ ಮಸುಕಾಗಿದ್ದರೆ ಹೆಡ್ ಮುಟ್ಟಲೇಬೇಡಿ. ಇಂಕ್ ಉಳಿಸಲು ತೆಳುವಾಗಿ ಮುದ್ರಿಸುವ ಡ್ರಾಫ್ಟ್ ಮೋಡ್ ಆಗಿರಬಹುದು, ಪೇಪರ್ ಆಯ್ಕೆ ತಪ್ಪಿರಬಹುದು. ಹಳದಿ ಗೆರೆ ಬಿಳಿ ಹಾಳೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ನಾನು ನೀಲಿ ಪಾರದರ್ಶಕ ಫೈಲ್ ಕವರನ್ನು ಹಾಳೆಯ ಮೇಲಿಟ್ಟು ನೋಡುತ್ತೇನೆ, ಹಳದಿ ಕಪ್ಪಗೆ ಎದ್ದು ಕಾಣುತ್ತದೆ.

ಕಟ್ಟಿರುವುದು ಖಾತ್ರಿಯಾದರೆ ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್. ಹೀಗೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಆಮೇಲೆ ಆಫ್ ಮಾಡಿ 12 ಗಂಟೆ ಬಿಡಿ. ಸಂಜೆ ಶುರು ಮಾಡಿದರೆ ಅನುಕೂಲ, ನೀವು ಮಲಗಿದಾಗ ಅದೂ ನೆನೆಯುತ್ತದೆ. ಪವರ್ ಕ್ಲೀನಿಂಗ್ ಅನ್ನೋದು ಕೊನೆಯ ಅಸ್ತ್ರ. ಅದು ಟ್ಯೂಬಿನಲ್ಲಿರುವ ಇಂಕನ್ನೇ ಹೊರಗೆ ಹಾಕುತ್ತದೆ. ಟ್ಯಾಂಕ್ ಮೂರನೇ ಒಂದು ಭಾಗವಾದರೂ ತುಂಬಿರದೆ ಕೊಟ್ಟರೆ ಟ್ಯೂಬಿಗೆ ಗಾಳಿ ನುಗ್ಗುತ್ತದೆ. ಅಂದ ಹಾಗೆ, ಕ್ಲೀನಿಂಗಿನಲ್ಲಿ ಹೋದ ಇಂಕ್ ಎಲ್ಲಿಗೂ ಮಾಯವಾಗುವುದಿಲ್ಲ. ಪ್ರಿಂಟರಿನ ತಳದ ಸ್ಪಂಜಿನಂಥ ಪ್ಯಾಡಿಗೆ ಸೇರುತ್ತದೆ. ಪ್ರಿಂಟರ್ ಅದರ ಲೆಕ್ಕ ಇಡುತ್ತದೆ. ಮಿತಿ ಮೀರಿದ ದಿನ ಲೈಟ್ ಮಿನುಗಿಸಿ ಮುಷ್ಕರ ಹೂಡುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ಲೆಕ್ಕ ಮಾತ್ರ ಸೊನ್ನೆ ಮಾಡಿ ಕೊಡುವವರೂ ಇದ್ದಾರೆ. ಪ್ಯಾಡ್ ಬದಲಿಸದೆ ಹಾಗೆ ಮಾಡಿದರೆ ಒಂದು ದಿನ ಟೇಬಲ್ಲಿನ ಮೇಲೆ ಇಂಕ್ ಹರಿಯುತ್ತದೆ.

ಮುಂದಿನ ಹೆಜ್ಜೆ ನಿಮ್ಮ ಪ್ರಿಂಟರ್ ಯಾವ ಜಾತಿಯದು ಅನ್ನೋದರ ಮೇಲೆ ಹೋಗುತ್ತದೆ. ಮನೆಬಳಕೆಯ ಎಚ್‌ಪಿ, ಕ್ಯಾನನ್‌ಗಳಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿ ತಳ್ಳುತ್ತಾರೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇಂಕ್ ಸಿರಿಂಜಿನ ಸೂಜಿಗೆ ತಗುಲಿ ಇಂಕ್ ಚಿಮ್ಮಿತಂತೆ. ಕ್ಯಾನನ್‌ನವರಿಗೆ ಈ ಉಪಾಯ ಹೊಳೆದದ್ದು ಅಲ್ಲಿಂದ. ಈ ಹೆಡ್‌ಗಳನ್ನು ಸಾಮಾನ್ಯವಾಗಿ ಕೈಯಲ್ಲೇ ಬಿಚ್ಚಬಹುದು. ಆದರೆ ಇಂಕ್ ಇಲ್ಲದೆ ಪ್ರಿಂಟ್ ಕೊಡುತ್ತಾ ಹೋದರೆ ಒಳಗಿನ ಹೀಟರ್ ಸುಟ್ಟುಹೋಗುತ್ತದೆ. ಎಪ್ಸನ್, ಬ್ರದರ್‌ಗಳಲ್ಲಿ ಕಾಯಿಸುವುದಿಲ್ಲ. ಕರೆಂಟ್ ಕೊಟ್ಟಾಗ ಬಾಗುವ ಪೀಜೋ ಹರಳು ಹನಿ ತಳ್ಳುತ್ತದೆ. ಹೆಡ್ ಗಟ್ಟಿಮುಟ್ಟು, ಆದರೆ ಪ್ರಿಂಟರಿಗೇ ಕೂರಿಸಿರುತ್ತಾರೆ, ಬದಲಿಸುವುದು ದುಬಾರಿ.

ಬಿಚ್ಚಲು ಬರುವ ಕಾರ್ಟ್ರಿಜ್, ಅಂದರೆ ಹೆಡ್ ಕೂಡ ಸೇರಿಕೊಂಡಿರುವ ಇಂಕ್ ಡಬ್ಬಿ ಆದರೆ ನಾಲ್ಕು ಮಡಿಕೆಯ ಟಿಶ್ಯೂವನ್ನು ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ, ನಾಝಲ್ ಕೆಳಗೆ ಬರುವಂತೆ ಎರಡು ಮೂರು ನಿಮಿಷ ಕೂರಿಸಿ. ಬಣ್ಣದ ಪಟ್ಟಿ ಟಿಶ್ಯೂ ಮೇಲೆ ಮೂಡಬೇಕು. ಒಣ ಟಿಶ್ಯೂ ಮೇಲೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಕಾರ್ಟ್ರಿಜ್‌ಗೆ ಕರೆಂಟ್ ಹಾಯುವ ತಾಮ್ರದ ಚುಕ್ಕಿಗಳಿಗೆ ನೀರು ತಾಗಿದ್ದರೆ ಪೂರ್ತಿ ಒಣಗಿದ ಮೇಲೆಯೇ ಹಾಕಿ.

ಕೂರಿಸಿದ ಹೆಡ್ ಆದರೆ ಪ್ರಿಂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಹೆಡ್ ಮೆಲ್ಲಗೆ ಎಡಕ್ಕೆ ಸರಿಸಿ. ಬಲವಂತ ಬೇಡ. ಸರಿಯದಿದ್ದರೆ ಲಾಕ್ ಆಗಿದೆ ಎಂದರ್ಥ, ಅದನ್ನು ನಮ್ಮಂಥವರಿಗೆ ಬಿಡಿ. ಸರಿದರೆ ರಬ್ಬರ್ ಮುಚ್ಚಳದ ಸ್ಪಂಜಿಗೆ ನಾಲ್ಕೈದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ, ಹೆಡ್ ವಾಪಸ್ ತಂದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಕ್ಲೀನಿಂಗ್. ಆಮೇಲೂ ನೀರು ಮುಚ್ಚಳದಲ್ಲೇ ನಿಂತಿದ್ದರೆ ಹೆಡ್ ಮೇಲೆ ಅನುಮಾನ ಬೇಡ, ಪಂಪ್ ಎಳೆಯುತ್ತಿಲ್ಲ.

ನಲ್ಲಿ ನೀರು, ಬೋರ್ ನೀರು ಮಾತ್ರ ಬೇಡ. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ನಾಝಲ್‌ನಲ್ಲೂ ಕಟ್ಟುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿ ರಬ್ಬರ್ ಕರಗಿಸಿಕೊಂಡು ಬಂದವರಿದ್ದಾರೆ. ಇನ್ನು ಸಿರಿಂಜ್. ವಿಡಿಯೋದಲ್ಲಿ ಒತ್ತುವುದು ಸುಲಭ. ಕೈಯ ಬಲ ಸ್ವಲ್ಪ ಹೆಚ್ಚಾದರೂ ಹೆಡ್ ಒಳಗಿನ ಪದರ ಬಿಟ್ಟುಕೊಂಡು ಒಂದು ಬಣ್ಣ ಇನ್ನೊಂದಕ್ಕೆ ಸೇರುತ್ತದೆ. ಇಂಕ್ ಕೇಬಲ್ಲಿಗೆ ಇಳಿದರೆ ಹೆಡ್ ಜೊತೆ ಬೋರ್ಡೂ ಹೋಗುತ್ತದೆ. ನನ್ನ ಅಂಗಡಿಗೆ ಸತ್ತು ಬರುವ ಹೆಡ್‌ಗಳಲ್ಲಿ ಕಟ್ಟಿ ಸತ್ತವು ಕಡಿಮೆ, ಮನೆಮದ್ದಿಗೆ ಸತ್ತವೇ ಜಾಸ್ತಿ.

ಎರಡು ರಾತ್ರಿ ನೆನೆಸಿದ ಮೇಲೂ ಅದೇ ಗೆರೆ ಅದೇ ಜಾಗದಲ್ಲಿ ಬಿಟ್ಟಿದ್ದರೆ ಅಂಗಡಿಗೆ ತನ್ನಿ. ಸ್ಕೂಟರಿನ ಮುಂದೆ ಲಂಬವಾಗಿ ನಿಲ್ಲಿಸಿಕೊಂಡು ಮಾತ್ರ ಬರಬೇಡಿ. ಇಂಕ್ ಟ್ಯಾಂಕ್ ವಾಲಿದರೆ ಇಂಕ್ ಒಳಗೆ ಚೆಲ್ಲುತ್ತದೆ, ಟ್ಯೂಬಿಗೆ ಗಾಳಿ ಹೋಗುತ್ತದೆ. ಆಮೇಲೆ ನಾನು ಮೊದಲಿನ ರಿಪೇರಿ ಬಿಟ್ಟು ದಾರಿಯಲ್ಲಿ ಆದದ್ದನ್ನು ಸರಿಮಾಡುತ್ತಾ ಕೂರಬೇಕು. ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಆಟೋ ಹಿಡಿದು, ತೊಡೆಯ ಮೇಲೆ ಮಟ್ಟಸವಾಗಿ ಇಟ್ಟುಕೊಂಡು ಬನ್ನಿ.