ಬೀಳಬೇಕಾದವ ಪೇದೆ ಅಲ್ಲ, ಸಾಹೇಬ

ಗ್ಯಾದರಿಂಗ್, ಅಂದರೆ ಕಾಲೇಜು ವಾರ್ಷಿಕೋತ್ಸವದ ಹಂಗಾಮು ಬಂತೆಂದರೆ ಧಾರವಾಡದ ಕಾಲೇಜು ಹುಡುಗರು ಸ್ಕಿಟ್ ತಿದ್ದಿಸಿಕೊಳ್ಳಲು ನನ್ನ ತಾಲೀಮಿನ ಕೋಣೆಗೆ ಬರುತ್ತಾರೆ. ಅದರಲ್ಲೊಂದು ಪೊಲೀಸ್ ಸ್ಟೇಷನ್ ಕಾಮಿಡಿ ಇದ್ದೇ ಇರುತ್ತದೆ. ಹೊಟ್ಟೆಗೆ ದಿಂಬು ಕಟ್ಟಿಕೊಂಡ ಪೇದೆ, ಜಾರುವ ಪ್ಯಾಂಟು, ಕಳ್ಳ ಕಂಡೊಡನೆ ಮೇಜಿನ ಕೆಳಗೆ. ನಗು ಬರುವುದಿಲ್ಲ ಅನ್ನಲಾರೆ. ಆದರೆ ಬೇಗ ಆರಿಹೋಗುತ್ತದೆ. ಮೊದಲಿನಿಂದಲೂ ಪೆದ್ದನಾಗಿದ್ದವ ಬಿದ್ದರೆ ಅದರಲ್ಲೇನು ವಿಶೇಷ?

ಪೊಲೀಸ್ ಹಾಸ್ಯದ ರುಚಿ ಹುಟ್ಟುವುದೇ ಖಾಕಿಯ ಭಯದಿಂದ. ಹೆಲ್ಮೆಟ್ ಇಲ್ಲದೆ ಹೊರಟು, ಜುಬಿಲಿ ಸರ್ಕಲ್‌ನಲ್ಲಿ ಪೊಲೀಸರು ನಿಂತಿದ್ದು ಕಂಡು ಗಾಡಿ ತಿರುವಿ ಓಣಿ ಹಿಡಿದವನೇ ಸಂಜೆ ಪ್ರೇಕ್ಷಕನಾಗಿ ಕೂತಿರುತ್ತಾನೆ. ಅವನಿಗೆ ಬೇಕಾದದ್ದು ತಾನು ಹೆದರಿದ ಆ ಗತ್ತು ಮುಗ್ಗರಿಸುವುದು.

ಇದನ್ನು ಚೆನ್ನಾಗಿ ಬಲ್ಲವರು ಅಮೆರಿಕದ ಹಾಸ್ಯಚಿತ್ರ ನಿರ್ದೇಶಕರಾದ ಜಿಮ್ ಅಬ್ರಹಾಮ್ಸ್ ಮತ್ತು ಝುಕರ್ ಸಹೋದರರು. 1982ರಲ್ಲಿ ಟಿವಿಗೆ ‘ಪೊಲೀಸ್ ಸ್ಕ್ವಾಡ್’ ಎಂಬ ಪತ್ತೇದಾರನ ಅಣಕದ ಧಾರಾವಾಹಿ ಮಾಡಿದರು. ಆರೇ ಕಂತಿಗೆ ನಿಂತಿತು. ಅದೇ ಪತ್ತೇದಾರ 1988ರಲ್ಲಿ ‘ದಿ ನೇಕೆಡ್ ಗನ್’ ಆಗಿ ಥಿಯೇಟರಿಗೆ ಬಂದು ಗೆದ್ದ, ಮುಂದೆ ಇನ್ನೆರಡು ಭಾಗವೂ ಬಂದವು. ನಾಯಕ ಲೆಸ್ಲಿ ನೀಲ್ಸನ್, 1980ರವರೆಗೆ ಬಹುಪಾಲು ಗಂಭೀರ ಪಾತ್ರಗಳನ್ನೇ ಮಾಡಿಕೊಂಡಿದ್ದ ನಟ. ಸುತ್ತಲೂ ಎಲ್ಲ ಮುರಿದು ಬೀಳುತ್ತಿದ್ದರೂ ಅವನ ಮುಖದಲ್ಲಿ ಕೇಸು ಬಗೆಹರಿಸುವ ಚಿಂತೆಯೊಂದೇ. ತಾನು ಕಾಮಿಡಿಯಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತೇ ಇಲ್ಲ.

ಆ ಧಾರಾವಾಹಿಯ ಒಂದು ಕಿತಾಪತಿಯನ್ನು ನಾನು ತಾಲೀಮಿಗೆ ಎರವಲು ಪಡೆದಿದ್ದೇನೆ. ಆ ಕಾಲದ ಪೊಲೀಸ್ ಸೀರಿಯಲ್‌ಗಳು ಕೊನೆಗೆ ಎಲ್ಲರೂ ನಗುತ್ತಿರುವಾಗ ಚಿತ್ರವನ್ನು ಸ್ತಬ್ಧಗೊಳಿಸಿ ಮುಗಿಯುತ್ತಿದ್ದವು. ಇಲ್ಲಿ ಚಿತ್ರ ನಿಲ್ಲುವುದಿಲ್ಲ, ನಟರಷ್ಟೇ ಗೊಂಬೆಯಂತೆ ನಿಲ್ಲುತ್ತಾರೆ. ಒಂದು ಕಂತಿನಲ್ಲಂತೂ ಬಗ್ಗಿಸಿದ ಕಾಫಿ ಮಾತ್ರ ಕಪ್ಪು ತುಂಬಿ ಹೊರಗೆ ಹರಿಯುತ್ತಲೇ ಇರುತ್ತದೆ. ನಾನು ಕಾಫಿ ಬದಲು ಚಹಾ ಇಟ್ಟೆ. ಕೈಮೇಲೆ ಚಹಾ ಹರಿದರೂ ಹಲ್ಲು ಕಿರಿದೇ ನಿಲ್ಲಬೇಕು. (ತಣ್ಣಗಿನ ಚಹಾ, ಗಾಬರಿ ಬೇಡ.) ಕಣ್ಣು ಪಿಳುಕಿಸಿದವ ಔಟ್. ಚೇಷ್ಟೆಯ ಹುಡುಗರು ಇದರಲ್ಲಿ ಮೊದಲು ಸೋಲುತ್ತಾರೆ. ಬಾಯಿ ಸತ್ತವರೆಂದು ಹಿಂದಿನ ಸಾಲಿಗೆ ತಳ್ಳಿದವರು ಗೆಲ್ಲುತ್ತಾರೆ.

ಅಮೆರಿಕದ ಸೀರಿಯಲ್ ನೋಡದ ನಮ್ಮ ಹುಡುಗರಿಗೆ ಅಣಕ ಮಾಡಲು ಸರಕು ಎಲ್ಲಿಂದ? ನಮ್ಮ ಪರದೆಯ ಮೇಲೇ ರಾಶಿ ಬಿದ್ದಿದೆ. ಜೀಪಿನ ಬಾಗಿಲು, ಧೂಳೆಬ್ಬಿಸುವ ಬೂಟು, ಸ್ಲೋ ಮೋಷನ್, ಕರಿ ಕನ್ನಡಕ. ಈ ಇನ್‌ಸ್ಪೆಕ್ಟರನನ್ನು ಅದೇ ಕನ್ನಡಕದಲ್ಲಿ ಕರೆಂಟು ಹೋದ ಸ್ಟೇಷನ್ನಿಗೆ ಕಳಿಸಿದೆವು. ಅವನು ಗೋಡೆಗೆ ನೇತು ಹಾಕಿದ ಕಮಿಷನರ್ ಸಾಹೇಬರ ಕೋಟಿಗೆ ಸೆಲ್ಯೂಟ್ ಹೊಡೆದು, ವರದಿ ಒಪ್ಪಿಸಿ, ಬೈಗುಳವನ್ನೂ ಕೇಳಿಸಿಕೊಂಡವನಂತೆ ತಲೆ ತಗ್ಗಿಸಿದ. ಅಷ್ಟರಲ್ಲಿ ಪಾತ್ರಧಾರಿಗೇ ನಗು ಉಕ್ಕಿತು. “ನಗಬ್ಯಾಡೋ ತಮ್ಮಾ, ನೀನ ನಕ್ಕರ ಅವ್ರ್ಯಾಕ ನಗ್ತಾರ?” ಅಂದೆ. “ತಡಕೊಳ್ಳಾಕ ಆಗವಲ್ದ್ರೀ ಸರ” ಅಂದ. ಆಗಬೇಕು. ಕಲಿಯಬೇಕಾದ ಕಸಬೇ ಅದು.

1912ರ ಸುಮಾರಿಗೆ ಶುರುವಾದ ಹಾಲಿವುಡ್ ಹಾಸ್ಯಚಿತ್ರ ನಿರ್ಮಾಪಕ ಮ್ಯಾಕ್ ಸೆನೆಟ್‌ನ ಮೂಕಿ ಚಿತ್ರಗಳಲ್ಲಿ ಇಡೀ ಪೊಲೀಸ್ ದಂಡೇ ಪೆದ್ದರದ್ದಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ಮುಖ್ಯಾಧಿಕಾರಿಗೂ ರಿಯಾಯಿತಿ ಇರಲಿಲ್ಲ. ನಮ್ಮ ಸಿನಿಮಾಗಳ ರೋಗ ಬೇರೆ. ಬಹಳ ಕಡೆ ಪೇದೆ ಹೊಡೆತ ತಿನ್ನುತ್ತಾನೆ, ಎಸ್‌ಐ ಸಾಹೇಬನ ಇಸ್ತ್ರಿ ಕೆಡುವುದಿಲ್ಲ. ಅದು ಅಣಕವಲ್ಲ, ಬಡವನ ಮೇಲಿನ ಗೇಲಿ. ಜಾತ್ರೆಯ ನಾಟಕಗಳಲ್ಲಿ ನಾನು ಪ್ರೇಕ್ಷಕರಿಗಿಂತ ಬಂದೋಬಸ್ತಿಗೆ ನಿಂತ ಪೇದೆಗಳನ್ನೇ ಹೆಚ್ಚು ನೋಡುತ್ತೇನೆ. ರಂಗದ ಮೇಲೆ ಹವಾಲ್ದಾರ ಬಿದ್ದರೆ ಅವರು ಮೊಬೈಲ್ ತೆಗೆಯುತ್ತಾರೆ. ಸಾಹೇಬ ಬಿದ್ದರೆ ಲಾಠಿ ಕಂಕುಳಿಗೆ ಸೇರಿಸಿ ಚಪ್ಪಾಳೆ ಹೊಡೆಯುತ್ತಾರೆ.

ಹಾಗಾಗಿ ಈ ಸಲ ಬರುವ ತಂಡಗಳಿಗೆ ಮೊದಲೇ ಹೇಳಿಬಿಡುತ್ತೇನೆ: ದಿಂಬು ಮನೆಯಲ್ಲೇ ಇರಲಿ. ಖಾಕಿಗೆ ಗಂಜಿ ಹಾಕಿ ಗಡುಸಾಗಿ ಇಸ್ತ್ರಿ ಮಾಡಿಸಿ, ಹೆಗಲ ಮೇಲೆ ಮೂರು ಸ್ಟಾರ್ ಹಚ್ಚಿ, ನಿಮ್ಮಲ್ಲಿ ಎಲ್ಲರಿಗಿಂತ ಗಂಭೀರವಾಗಿರುವ ಹುಡುಗನಿಗೆ ತೊಡಿಸಿಕೊಂಡು ಬನ್ನಿ. ಬೀಳುವುದನ್ನು ನಾನು ಕಲಿಸುತ್ತೇನೆ.