ಪ್ರೊಸೆಸರಿಗೆ ಹೆಚ್ಚು ಹಣವೋ, ಗ್ರಾಫಿಕ್ಸ್ ಕಾರ್ಡಿಗೋ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮಾನಿಟರ್ ಸೇರಿ 70,000 ರೂಪಾಯಿಯೊಳಗೆ ಮೊದಲ ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ಹಣದ ದೊಡ್ಡ ಪಾಲನ್ನು ಯಾವುದಕ್ಕೆ ಇಡಲಿ?

ಉತ್ತರ: ಗ್ರಾಫಿಕ್ಸ್ ಕಾರ್ಡಿಗೆ. ಆದರೆ ಕಾರ್ಡ್ ಆರಿಸುವ ಮೊದಲು ಮಾನಿಟರನ್ನು ನಿರ್ಧರಿಸಿಕೊಳ್ಳಿ. 1920×1080 ಪರದೆಯಲ್ಲಿ ಪ್ರತಿ ಚಿತ್ರಕ್ಕೂ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ಕಾರ್ಡ್ ಬರೆಯಬೇಕು; 2560×1440 ಪರದೆಯಾದರೆ ಅದು 36 ಲಕ್ಷ ದಾಟುತ್ತದೆ. ನಿಮ್ಮ ಹಣಕ್ಕೆ ಮೊದಲನೆಯದೇ ಸರಿ. ಅದರ ಮೇಲೆ ಆಡಲು 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600ರ ಮಟ್ಟದ ಕಾರ್ಡಿಗೆ ಆರು ಕೋರ್‌ಗಳ (ಲೆಕ್ಕ ಮಾಡುವ ಆರು ಘಟಕಗಳ) ರೈಜನ್ 5 5600 ಅಥವಾ ಕೋರ್ ಐ5 12400ಎಫ್ ಪ್ರೊಸೆಸರ್ ಒಳ್ಳೆಯ ಜೋಡಿಯಾಗುತ್ತದೆ. ವಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳನ್ನೇ ಹೆಚ್ಚು ಆಡುವವರಿಗೆ ಪ್ರೊಸೆಸರಿನ ವೇಗವೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೂ ಆರು ಕೋರ್ ಬಿಟ್ಟು ಎಂಟಕ್ಕೆ ಹೋಗಲೆಂದು ಕಾರ್ಡನ್ನು ಒಂದು ಮೆಟ್ಟಿಲು ಇಳಿಸುವುದನ್ನು ನಾನು ಒಪ್ಪುವುದಿಲ್ಲ.

ಹೀಗೆ ಹಣ ಹಂಚುವಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಕರೆಂಟನ್ನು ಎಲ್ಲ ಭಾಗಗಳಿಗೂ ತಕ್ಕಂತೆ ಬದಲಿಸಿ ಹಂಚುವ ಎಸ್‌ಎಂಪಿಎಸ್‌ಗೆ, ಮತ್ತು ಕತ್ತರಿ ಹಾಕಲೇಬಾರದ ಭಾಗ ಅದೇ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿದ್ದರೂ ಅದನ್ನು ನಂಬದೆ, ಪಕ್ಕದಲ್ಲಿ ಅಂಟಿಸಿರುವ ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ಹುಡುಕಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ, ಹನ್ನೆರಡರಿಂದ ಗುಣಿಸಿದಾಗ ಸಿಗುವುದು 192 ವ್ಯಾಟ್ ಮಾತ್ರ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ವಿದ್ಯುತ್ ಪಡೆಯುವುದು ಮುಖ್ಯವಾಗಿ ಈ ಸಾಲಿನಿಂದಲೇ. ಆರ್‌ಎಕ್ಸ್ 6600ಕ್ಕೆ 132 ವ್ಯಾಟ್, ರೈಜನ್ 5 5600ಕ್ಕೆ 65 ವ್ಯಾಟ್ ಎಂದು ತಯಾರಕರೇ ಹೇಳುವ ಲೆಕ್ಕದಲ್ಲೇ ಆ 192 ಮುಗಿದುಹೋಗುತ್ತದೆ. ಫ್ಯಾನು, ಮದರ್‌ಬೋರ್ಡುಗಳಿಗೆ ಏನೂ ಉಳಿಯುವುದಿಲ್ಲ. ಆಟದ ನಡುವೆ ಕಂಪ್ಯೂಟರ್ ತಟಕ್ಕನೆ ಆಫ್ ಆದಾಗ ಜನ ಕಾರ್ಡನ್ನು ದೂರುತ್ತಾರೆ, ಎಷ್ಟೋ ಸಲ ಕಾರಣ ಇಲ್ಲಿರುತ್ತದೆ. 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಮಾನ್ಯತೆ (ವಿದ್ಯುತ್ ಕಡಿಮೆ ಪೋಲಾಗುತ್ತದೆ ಎಂಬ ಗುರುತು) ಇರುವ, ಹಲವು ವರ್ಷ ವಾರಂಟಿ ಕೊಡುವ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಅದು ಮುಂದಿನ ಕಾರ್ಡಿಗೂ ಆಗುತ್ತದೆ. ನಿಮ್ಮ ಕಡೆ ಕರೆಂಟು ಆಗಾಗ ಹೋಗಿ ಬರುವುದಿದ್ದರೆ ಯುಪಿಎಸ್‌ಗೂ ಸ್ವಲ್ಪ ಎತ್ತಿಡಿ. ಅದರಲ್ಲೂ ವಿಎ (ವೋಲ್ಟ್ ಆಂಪಿಯರ್) ಸಂಖ್ಯೆಗಿಂತ ವ್ಯಾಟ್ ಸಂಖ್ಯೆ ಕಡಿಮೆ ಇರುತ್ತದೆ, ನೋಡಬೇಕಾದದ್ದು ವ್ಯಾಟನ್ನೇ.

ರ‍್ಯಾಮ್ 16 ಜಿಬಿ ಇರಲಿ, ಒಂದೇ ಕಡ್ಡಿಯ ಬದಲು ಎಂಟೆಂಟು ಜಿಬಿಯ ಎರಡನ್ನು ಹಾಕಿಸಿದರೆ ಪ್ರೊಸೆಸರಿಗೆ ಡೇಟಾ ಹೋಗುವ ಎರಡು ದಾರಿಗಳೂ, ಅಂದರೆ ಎರಡು ಚಾನೆಲ್‌ಗಳೂ ಕೆಲಸ ಮಾಡುತ್ತವೆ. ಡಿಡಿಆರ್4 ಮದರ್‌ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರುವುದಿಲ್ಲ. ರೈಜನ್ ಜೊತೆಗೆ ಬಿ450 ಮದರ್‌ಬೋರ್ಡ್ ಆದರೆ, ರೈಜನ್ 5 5600 ಅದಕ್ಕಿಂತ ತಡವಾಗಿ ಬಂದದ್ದರಿಂದ, ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಮೇಲೆ ಹೇಳಿದ ಎರಡೂ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. "ಈಗ ಪ್ರೊಸೆಸರ್ ತಗೊಂಡು ಕಾರ್ಡನ್ನು ಆಮೇಲೆ ಹಾಕಿಸೋಣ" ಎಂದುಕೊಂಡರೆ ಪರದೆಯಲ್ಲಿ ಏನೂ ಬರುವುದಿಲ್ಲ.

ಕೊಳ್ಳುವ ಜಾಗದ ಬಗ್ಗೆ ಒಂದು ಮಾತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಆಯ್ಕೆ ಹೆಚ್ಚು, ಬೆಲೆಯಲ್ಲೂ ಚೌಕಾಸಿ ಮಾಡಬಹುದು. ಆದರೆ ಕೆಟ್ಟ ಭಾಗವನ್ನು ಬದಲಿಸಲು ಸುಮಾರು 70 ಕಿಲೋಮೀಟರ್ ಹೋಗಿ ಬರಬೇಕಾಗುತ್ತದೆ. ಊರಿನ ಅಂಗಡಿಯವರು ತಾವೇ ವಾರಂಟಿಗೆ ಕಳುಹಿಸಿ ತರಿಸಿಕೊಡುವುದಾದರೆ ಒಂದೆರಡು ಸಾವಿರ ಹೆಚ್ಚಾದರೂ ನಾನು ಅಲ್ಲೇ ಕೊಳ್ಳುತ್ತೇನೆ. ಎಲ್ಲಿ ಕೊಂಡರೂ ಒಟ್ಟು ಮೊತ್ತದ ಒಂದೇ ಸಾಲಿನ ಬಿಲ್ ಬೇಡ. ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ.